ಏಳು ಬೆರಳಿನ ಕೈ

ಮೇ ೩, ಮಂಗಳವಾರ

ಹಾಗಾಗಿ ವಿಂಕೋನ ಮೂಗಿಗೆ ಹಸಿರು ಬಣ್ಣ ಬಳಿದು ಊರು ಸುತ್ತಿಸಬೇಕು ಎಂದು ನಿನ್ನೆ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅದು ಸಾಲದು. ಮೂಗಿನ ಬಣ್ಣ ತೊಳೆದರೆ ಹೋಗುತ್ತದೆ. ಅವನು ಬಳಿದದ್ದು ಎಣ್ಣೆಬಣ್ಣ, ತೊಳೆದರೆ ಹೋಗುವಂಥದ್ದಲ್ಲ.

ನಡೆದದ್ದನ್ನು ಒಂದು ಸಲ ಸಾಲಾಗಿ ಬರೆದುಕೊಂಡರೆ ಸಿಟ್ಟಿಗೆ ಹದ ಬರುತ್ತದೇನೋ. ನಮ್ಮ ಜೇನುಸಾಕಣೆಯವರ ಸಂಘ ಶಾಲೆಯ ಹಿತ್ತಿಲಲ್ಲಿ ಹೊಸ ಜೇನುಮನೆ ಕಟ್ಟಿಸಿದೆ. ಅಜ್ಜಂದಿರ ಕಾಲದ ಕ್ರಮದಲ್ಲೇ ಮರದ ಮನೆ, ಒಳಗೆ ಪೆಟ್ಟಿಗೆಗಳ ಸಾಲು, ಒಂದೊಂದು ಪೆಟ್ಟಿಗೆಯ ಮುಖಕ್ಕೂ ಒಂದೊಂದು ಚಿತ್ರದ ಹಲಗೆ. ಹಲಗೆ ಬರೀ ಅಂದಕ್ಕಲ್ಲ. ಹೊಲ ಸುತ್ತಿ ಬಂದ ಜೇನುನೊಣ ಹಲಗೆಯ ಬಣ್ಣ ನೋಡಿಯೇ ತನ್ನ ಮನೆ ಯಾವುದು ಎಂದು ಗುರುತಿಸುವುದು. ಈ ಸಲ ಹಲಗೆಗಳನ್ನು ಶಾಲೆಯ ಮಕ್ಕಳೇ ಬರೆಯಲಿ, ಚೆನ್ನಾಗಿ ಬಂದವಕ್ಕೆ ಬಹುಮಾನ ಕೊಡೋಣ, ಇಪ್ಪತ್ತನೇ ತಾರೀಖು ಜೇನಿನ ದಿನದಂದು ಕೂರಿಸೋಣ ಎಂದು ಸಂಘ ತೀರ್ಮಾನಿಸಿತು. ತೀರ್ಪು ಹೇಳುವವನು ವಿಂಕೋ. ಸಂಘದ ಅಧ್ಯಕ್ಷ. ನನ್ನ ಬೇಲಿಯಾಚೆಯವನು. ಪ್ರವಾಸಿಗಳಿಗೆ ಹಲಗೆ ಬರೆದು ಮಾರಿ ಮನೆಗೆ ಎರಡನೇ ಅಂತಸ್ತು ಏರಿಸಿದವನು.

ನನ್ನ ಮಗಳು ಬ್ರೆಡಾಳ ಮಗು ಝೀವಾಗೆ ಎಂಟು ವರ್ಷ. ಅವಳು ತನ್ನ ಅಜ್ಜಿಯನ್ನು, ನನ್ನ ಹೆಂಡತಿ ಪಾವ್ಲಾಳನ್ನು, ಬರೆದಳು. ಅಜ್ಜಿ ಚರ್ಚಿನ ಗೋಪುರಕ್ಕಿಂತ ಎತ್ತರ, ಮುಖ ನೀಲಿ, ಸುತ್ತ ಬೆಕ್ಕಿನಷ್ಟು ದೊಡ್ಡ ಜೇನುನೊಣಗಳು, ಎಡಗೈಯಲ್ಲಿ ಏಳು ಬೆರಳು. ಕಳೆದ ಕ್ರಿಸ್ಮಸ್ಸಿಗೆ ಮೊದಲು ಮಣ್ಣಿಗೆ ಕೊಟ್ಟವಳ ಚಿತ್ರ. ಶನಿವಾರ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ವಿಂಕೋ ಕುಂಚ ಎತ್ತಿಕೊಂಡು ಅದನ್ನು ‘ಸ್ವಲ್ಪ ಸರಿ’ ಮಾಡಿದ. ಮುಖಕ್ಕೆ ಮೈಬಣ್ಣ ಬಂತು, ನೆಟ್ಟಗಿನ ಮೂಗು ಬಂತು, ಕೈಗೆ ಐದೇ ಬೆರಳು ಉಳಿದವು. ಭಾನುವಾರ ಅದಕ್ಕೆ ಎರಡನೇ ಬಹುಮಾನ.

ಮಗು ವೇದಿಕೆಗೆ ಹೋಗಿ ಬಣ್ಣದ ಡಬ್ಬಿ ತೆಗೆದುಕೊಂಡಳು, ಥ್ಯಾಂಕ್ಸ್ ಹೇಳಿದಳು. ವಾರ್ನಿಷ್ ಹಚ್ಚಿ ತನ್ನಿ ಎಂದು ಹಲಗೆಯನ್ನು ನಮ್ಮ ಕೈಗೇ ಕೊಟ್ಟರು. ಮನೆಗೆ ಬಂದವಳೇ ಅದನ್ನು ಒಲೆಯ ಹಿಂದೆ ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಚಿತ್ರದಲ್ಲಿ ಪ್ರಮಾಣ ಇರಲಿಲ್ಲ ಎಂದನಂತೆ. ಲ್ಯುಬ್ಲ್ಯಾನಾದ ಅರಣ್ಯ ಕಾಲೇಜಿನಲ್ಲಿ ನಮಗೂ ಇಂಗ್ಲಿಷ್ ಪಾಠ ಇತ್ತು, ಔಟ್ ಆಫ್ ಪ್ರೊಪೋರ್ಷನ್ ಎಂಬ ಮಾತು ಇನ್ನೂ ನೆನಪಿದೆ. ಶಿಕ್ಷೆ ಅಪರಾಧಕ್ಕಿಂತ ದೊಡ್ಡದಾದಾಗ ಹಾಗನ್ನುತ್ತಾರೆ. ವಿಂಕೋಗೆ ಆ ಮಾತಿನ ಅರ್ಥವನ್ನು ನಾನು ಕಲಿಸುತ್ತೇನೆ.

ಮೇ ೪, ಬುಧವಾರ

ಬೆಳಿಗ್ಗೆ ಝೀವಾಗೆ ಹೇಳಿದೆ, ನಿನ್ನ ಚಿತ್ರದಷ್ಟು ಚೆನ್ನಾದ ಚಿತ್ರವನ್ನು ನಾನು ಜನ್ಮದಲ್ಲಿ ನೋಡಿಲ್ಲ ಎಂದು.

"ಅಜ್ಜ, ನೀನು ಎಲ್ಲದಕ್ಕೂ ಹಾಗೇ ಹೇಳ್ತೀಯ. ನಿನ್ನೆ ಅಮ್ಮನ ಸೂಪಿಗೂ ಹಾಗೇ ಹೇಳಿದೆ."

"ಸೂಪು ಚೆನ್ನಾಗಿತ್ತು."

"ಸೀದು ಹೋಗಿತ್ತು."

ಬಹುಮಾನದ ಬಣ್ಣದ ಡಬ್ಬಿಯನ್ನು ಸೌದೆಯ ಪೆಟ್ಟಿಗೆಯಲ್ಲಿ ಹಾಕಿದ್ದಾಳೆ. ಹಳೆಯ ಬಣ್ಣಗಳನ್ನೂ. ಮೂರು ವರ್ಷದಿಂದ ಒಂದು ದಿನ ತಪ್ಪದೆ ಏನಾದರೂ ಗೀಚುತ್ತಿದ್ದ ಮಗು. ಕರೆಂಟ್ ಬಿಲ್ಲಿನ ಹಿಂದೆ, ನನ್ನ ಮಾತ್ರೆಯ ಡಬ್ಬಿಯ ಮೇಲೆ, ಒಂದು ಸಲ ನಿದ್ದೆಹೋಗಿದ್ದ ನನ್ನ ಬೋಳುತಲೆಯ ಮೇಲೆ. ಈಗ ಊಟದ ಮೇಜಿನ ಮುಂದೆ ಕೈ ಮಡಿಚಿ ಗುಮಾಸ್ತೆಯಂತೆ ಕೂತಿರುತ್ತಾಳೆ.

ಬ್ರೆಡಾ ನನಗೇ ಬೈದಳು. "ಬಹುಮಾನ ಬಂದಿದೆ ಅಪ್ಪ, ಖುಷಿಪಡೋದು ಬಿಟ್ಟು ಮಗೂಗೂ ಸಿಟ್ಟು ಹಿಡಿಸ್ತಾ ಇದ್ದೀರ. ಎರಡು ದಿನ ಬಿಡಿ, ಮರೀತಾಳೆ."

ನಾನು ಮರೆಯುವುದಿಲ್ಲ. ವಿಂಕೋನಿಂದಾಗಿ ಈ ಮಗು ಇನ್ನು ಕುಂಚ ಮುಟ್ಟದೇ ಹೋದರೆ, ನಾನು ಅವನ ಯಾವುದನ್ನು ಮುಟ್ಟಬೇಕು ಎಂಬುದೇ ಪ್ರಶ್ನೆ.

ಮೇ ೭, ಶನಿವಾರ

ಉತ್ತರ ಸಿಕ್ಕಿತು. ಅವನೇ ಕೊಟ್ಟ.

ಸ್ಲಾವ್ಕಳ ಹೋಟೆಲಿನಲ್ಲಿ ಸಂಘದವರೆಲ್ಲ ಕೂತಿದ್ದರು. ನಾನು ನೇರವಾಗಿ ಹೋಗಿ, ಮಗುವಿನ ಚಿತ್ರಕ್ಕೆ ಕೈಹಾಕಲು ನಿನಗೆ ಯಾರು ಹೇಳಿದರು ಎಂದು ಎಲ್ಲರ ಮುಂದೆ ಕೇಳಿದೆ. ಎದ್ದು ನಿಲ್ಲಬೇಕಿತ್ತು ಅವನು. ಬದಲಿಗೆ ನನ್ನ ಕಡೆ ಕುರ್ಚಿ ತಳ್ಳಿದ.

"ಕೂತ್ಕೊ ಯೆರ್ನೆ, ಉಸಿರು ತಗೋ. ಏಳು ಬೆರಳು ಮಾರಾಯ. ಅದು ಪಾವ್ಲಾನೋ ಏಡಿಯೋ? ಆ ಕೈಯಲ್ಲಿ ಎಷ್ಟು ಪೆಟ್ಟಿಗೆ ಜೇನು ತೆಗೀಬಹುದಿತ್ತು ಲೆಕ್ಕ ಹಾಕು."

ಎಲ್ಲರೂ ನಕ್ಕರು. ನನ್ನ ಬಾಯಿಯೂ ಒಂದು ಕ್ಷಣ ಅಗಲವಾಯಿತು. ಸಹವಾಸದೋಷ. ಆ ನಗುವನ್ನೂ ವಿಂಕೋನ ತಪ್ಪುಗಳ ಜೊತೆಗೇ ಸೇರಿಸಿದ್ದೇನೆ.

"ಇದ್ದಹಾಗೇ ಬಿಟ್ಟಿದ್ರೆ ಬೇರೆ ಮಕ್ಕಳು ಆಡ್ಕೊಳ್ತಿದ್ರು," ಎಂದ ಅವನು. "ನಾನು ಅವಳ ಮಾನ ಉಳಿಸಿದೆ. ನೀನು ನನಗೆ ಒಂದು ಗ್ಲಾಸು ಕೊಡಿಸ್ಬೇಕು ನ್ಯಾಯವಾಗಿ."

ಆಮೇಲೆ ಮಾತು ಜೇನಿಗೆ ತಿರುಗಿತು. ವಿಂಕೋನಿಗೆ ತನ್ನ ಸುಖವನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಬರುವುದಿಲ್ಲ. ಅವನ ಸೈತಾನನ ಪೆಟ್ಟಿಗೆಯಲ್ಲಿ, ಅಂದರೆ ಗಯ್ಯಾಳಿ ಹೆಂಗಸಿನ ನಾಲಿಗೆಯನ್ನು ಸೈತಾನ ಸಾಣೆಕಲ್ಲಿಗೆ ಹಿಡಿದಿರುವ ಹಳೆಯ ಹಲಗೆಯ ಪೆಟ್ಟಿಗೆಯಲ್ಲಿ, ಈ ವಾರ ಹೊಸ ರಾಣಿ ಹುಟ್ಟಿದ್ದಾಳೆ. ಒಳ್ಳೆಯ ತಳಿ. ಬಿಸಿಲು ಬಿದ್ದ ಮೊದಲ ಮಧ್ಯಾಹ್ನ ಗಂಡು ನೊಣಗಳನ್ನು ಹುಡುಕಿಕೊಂಡು ಹಾರುತ್ತಾಳೆ. ಮುಂದಿನ ಶನಿವಾರ ಅವನು ಮಗಳನ್ನು ನೋಡಲು ಮಾರಿಬೋರಿಗೆ ಹೋಗುತ್ತಾನಂತೆ, ಭಾನುವಾರ ವಾಪಸಂತೆ.

ರಾಣಿ ಹಾರಿದಾಗ ಹಲಗೆ ಬದಲಾಗಿದ್ದರೆ? ತಿರುಗಿ ಬಂದವಳು ತನ್ನ ಮನೆಯೆಂದು ಪಕ್ಕದ ಮನೆಗೆ ನುಗ್ಗುತ್ತಾಳೆ. ಅಲ್ಲಿ ಇನ್ನೊಬ್ಬ ರಾಣಿ ಇದ್ದಾಳೆ, ಒಂದೇ ಮನೆಯಲ್ಲಿ ಇಬ್ಬರು ರಾಣಿಯರು ಬದುಕುವುದಿಲ್ಲ. ಮುಂದಿನದನ್ನು ನಾನು ಬರೆಯಬೇಕಾಗಿಲ್ಲ.

ಅವನು ಒಂದು ಮುಖ ಬದಲಾಯಿಸಿದ. ನಾನೂ ಒಂದು ಮುಖ ಬದಲಾಯಿಸುತ್ತೇನೆ. ಇದಕ್ಕಿಂತ ಸರಿಯಾದ ಪ್ರೊಪೋರ್ಷನ್ ಎಲ್ಲಿದೆ?

ಮೇ ೯, ಸೋಮವಾರ

ಮಳೆ. ರಾಣಿ ಹೊರಡುವುದಿಲ್ಲ. ಒಳ್ಳೆಯದು. ನಾನು ಕಾಯಬಲ್ಲೆ.

ಇಂಗ್ಲಿಷಿನಲ್ಲಿ ಸೇಡಿನ ಬಗ್ಗೆ ಒಂದು ಗಾದೆ ಇತ್ತು. ಅದು ಊಟವಂತೆ, ತಣ್ಣಗೆ ತಿನ್ನಬೇಕೋ ಬಿಸಿಯಾಗಿ ತಿನ್ನಬೇಕೋ, ಮುಖ್ಯವಾದ ಭಾಗವೇ ಮರೆತುಹೋಗಿದೆ. ಮಧ್ಯಾಹ್ನ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಮಾಡಿದೆ. ಬಿಸಿಯಾಗಿಯೇ ತಿಂದೆ.

ಮೇ ೧೨, ಗುರುವಾರ

ವಿಂಕೋ ಬಂದಿದ್ದ. ಹಲಗೆಗೆ ವಾರ್ನಿಷ್ ಆಯಿತಾ, ಇಪ್ಪತ್ತಕ್ಕೆ ಎಲ್ಲ ಕೂರಿಸಬೇಕು ಎಂದು ಗೇಟಿನ ಹತ್ತಿರ ನಿಂತು ಕೂಗಿದ. ನಾನು ಸೌದೆ ಒಟ್ಟಿಲಿನ ಹಿಂದೆ ಇದ್ದೆ, ಎದ್ದು ಬರಲಿಲ್ಲ. ಝೀವಾ ಹೋದಳು. ಹಲಗೆಯನ್ನು ಒಲೆಯ ಹಿಂದಿನಿಂದ ಎತ್ತಿಕೊಂಡು ಹೋಗಿ ಅವನ ಮುಂದೆ ಹಿಡಿದಳು.

"ವಿಂಕೋ ಮಾಮ, ಇದು ನನ್ನದಲ್ಲ. ಎರಡನೇ ಬಹುಮಾನ ನಿಮಗೆ ಬಂದಿದ್ದು."

"ಹಾಗಂದ್ರೆ ಹೇಗೆ ಪುಟ್ಟಿ. ಚಿತ್ರ ನಿಂದೇ. ನಾನು ಬೆರಳು ಸರಿ ಮಾಡಿದೆ ಅಷ್ಟೇ. ಏಳಿದ್ವು, ಐದು ಮಾಡಿದೆ. ನಿಂಗೆ ಎಣಿಸೋಕೆ ಬರುತ್ತಲ್ಲ?"

"ನೂರರ ತನಕ ಬರುತ್ತೆ. ಅವು ಏಳು ಬೆರಳಲ್ಲ. ಐದೇ. ಅಲ್ಲಾಡ್ತಿದ್ವು."

ವಿಂಕೋ ಬಗ್ಗಿ ಹಲಗೆಯನ್ನು ನೋಡಿದ.

"ಅಜ್ಜಿ ಕೈ ಯಾವಾಗ್ಲೂ ಅಲ್ಲಾಡ್ತಿತ್ತು. ಅದಕ್ಕೆ ಜಾಸ್ತಿ ಬರೆದೆ. ಆದ್ರೆ ಅಲ್ಲಾಡೋ ಥರ ಬರಲಿಲ್ಲ, ಹುಲ್ಲು ಬಾಚೋ ಕುಂಟೆ ಥರ ಬಂತು. ಕೆಟ್ಟದಾಗಿತ್ತು. ಭಾನುವಾರ ಬೆಳಿಗ್ಗೆ ಸರಿ ಮಾಡ್ಬೇಕು ಅಂತಿದ್ದೆ. ಅಷ್ಟರಲ್ಲಿ ನೀವು ಮಾಡಿಬಿಟ್ರಿ."

"ಅಲ್ಲಾಡೋದನ್ನ ಹಲಗೆ ಮೇಲೆ ತರೋಕೆ ಆಗಲ್ಲ ಕಣಮ್ಮ," ಎಂದ ವಿಂಕೋ. ದನಿ ಸ್ವಲ್ಪ ಇಳಿದಿತ್ತು. "ನಲವತ್ತು ವರ್ಷದಿಂದ ಬರೀತಿದ್ದೀನಿ. ನನಗೂ ಬಂದಿಲ್ಲ."

"ನನಗೂ ಬರಲಿಲ್ಲ," ಎಂದಳು ಇವಳು, ಒಬ್ಬ ಬಡಗಿ ಇನ್ನೊಬ್ಬ ಬಡಗಿಗೆ ಹೇಳುವಂತೆ. ಆಮೇಲೆ ಹಲಗೆ ಬಗಲಿಗಿಟ್ಟುಕೊಂಡು ಒಳಗೆ ಬಂದಳು.

ನಾನು ಸೌದೆಯ ಹಿಂದೆಯೇ ಕೂತಿದ್ದೆ. ಏಳು ಬೆರಳನ್ನು ನಾನೂ ಎಣಿಸಿದ್ದೆ. ಮಗು, ಲೆಕ್ಕ ತಪ್ಪಿದೆ, ತಪ್ಪಿದರೇನಂತೆ, ಮುದ್ದಾಗಿದೆ ಎಂದುಕೊಂಡಿದ್ದೆ. ಪಾವ್ಲಾಳ ಕೈ ಕಡೆಯ ಎರಡು ವರ್ಷ ಒಂದು ಗಳಿಗೆ ನಿಂತದ್ದಿಲ್ಲ. ಸೂಪಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದರೂ ಮೇಜಿನ ಮೇಲೆ ಕೆರೆ. ನಡುಗುವ ಕೈಯನ್ನು ಜೇನು ಸಹಿಸುವುದಿಲ್ಲ ಎನ್ನುತ್ತಾರೆ. ಅವಳದನ್ನು ಸಹಿಸಿದವು. ಪೆಟ್ಟಿಗೆ ತೆರೆದು ಆ ನಡುಗುವ ಕೈಯನ್ನು ಜೇನೆರಿಗಳ ನಡುವೆ ಇಳಿಸುತ್ತಿದ್ದಳು, ನೊಣಗಳು ಬೆರಳ ಮೇಲೆ ಹತ್ತಿ ಇಳಿಯುತ್ತಿದ್ದವು, ತೊಟ್ಟಿಲಲ್ಲಿ ಕೂತಂತೆ. ಸಂಜೆ ಬೆಂಚಿನ ಮೇಲೆ ಕೂತಾಗ ನಾನು ಆ ಕೈ ಹಿಡಿದುಕೊಂಡರೆ ನನ್ನ ತೋಳೂ ಅಲ್ಲಾಡುತ್ತಿತ್ತು. "ನೀನೂ ಮುದುಕನಾದೆ ನೋಡು," ಎನ್ನುತ್ತಿದ್ದಳು.

ಇಷ್ಟೆಲ್ಲ ಯಾಕೆ ಬರೆದೆ. ಹೇಳಬೇಕಿದ್ದದ್ದು ಇಷ್ಟು: ಆ ಕೈಯನ್ನು ಆ ಗಂಡಸು ಸುಣ್ಣ ಬಳಿದಂತೆ ಬಳಿದು ಅಳಿಸಿದ. ಈಗ ನನಗೆ ಅನುಮಾನವೇ ಉಳಿದಿಲ್ಲ. ಶನಿವಾರ.

ಮೇ ೧೪, ಶನಿವಾರ

ಮಾಡಿದೆ.

ಬೆಳಿಗ್ಗೆ ವಿಂಕೋನ ಕಾರು ತಿರುವಿನಲ್ಲಿ ಮರೆಯಾದ ಮೇಲೆ, ನೊಣ ಏಳುವ ಮೊದಲು, ತಿರುಪುಳಿ ಹಿಡಿದು ಬೇಲಿ ದಾಟಿದೆ. ಸೈತಾನನ ಪಕ್ಕದ್ದು ಬೇಟೆಗಾರನ ಹೆಣವನ್ನು ಕರಡಿ, ಮೊಲ, ನರಿಗಳು ಹೊತ್ತು ಹೋಗುವ ಹಲಗೆ. ಅದನ್ನು ಇಲ್ಲಿಗೆ, ಇದನ್ನು ಅಲ್ಲಿಗೆ. ಸಂಜೆ ನೊಣ ಒಳಸೇರಿದ ಮೇಲೆ ಮತ್ತೆ ಹಿಂದಿನಂತೆಯೇ ಕೂರಿಸಿಬಿಟ್ಟರೆ ಯಾರಿಗೂ ತಿಳಿಯದು. ಮನೆಗೆ ಬಂದು ಕಾಫಿ ಕಾಸಿಕೊಂಡು, ಕಾಡಿನ ಕೆಲಸದ ಕಾಲದ ದುರ್ಬೀನು ತಂದು ಬೆಂಚಿನ ಮೇಲೆ ಕೂತೆ. ಬಹಳ ದಿನದ ಮೇಲೆ ಕಾಫಿ ರುಚಿಸಿತು.

ಮಧ್ಯಾಹ್ನ, ಈ ವಾರದಲ್ಲಿ ಮೊದಲ ಸಲ, ಒಳ್ಳೆಯ ಬಿಸಿಲು. ಸೈತಾನನಿದ್ದ ಪೆಟ್ಟಿಗೆಯ ಬಾಯಲ್ಲಿ ಗಲಾಟೆ ಎದ್ದಿತು, ಮದುಮಗಳನ್ನು ಕಳಿಸುವಾಗಿನಂತೆ. ಹೊರಟಳು ಎಂದುಕೊಂಡೆ. ಹೊರೆ ಹೊತ್ತು ಬಂದ ನೊಣಗಳು ಹಲಗೆಗಳ ಮುಂದೆ ನಿಂತು ತಡವರಿಸುತ್ತಿದ್ದವು. ಮುಂದೆ ಬರುವುದು, ಹಿಂದೆ ಸರಿಯುವುದು, ಮತ್ತೆ ಮುಂದೆ ಬರುವುದು.

ಝೀವಾ ಯಾವಾಗ ಪಕ್ಕದಲ್ಲಿ ಬಂದು ನಿಂತಳೋ. ಅವಳಿಗೆ ದುರ್ಬೀನು ಬೇಕಾಗಿರಲಿಲ್ಲ.

"ಅಜ್ಜ, ಕರಡಿ ಸೈತಾನನ ಜಾಗದಲ್ಲಿದೆ."

"ಹೌದಾ? ನಂಗೆ ಕಾಣ್ತಿಲ್ಲ."

"ದುರ್ಬೀನು ಹಿಡ್ಕೊಂಡೂ ಕಾಣ್ತಿಲ್ವಾ?" ನನ್ನ ಜೇಬಿನಿಂದ ಇಣುಕುತ್ತಿದ್ದ ತಿರುಪುಳಿಯನ್ನು ನೋಡಿದಳು. "ನೀನು ಮಾಡಿದ್ಯಾ?"

"ನಿನಗೋಸ್ಕರ," ಎಂದೆ.

"ನಾನು ಹೇಳಿದ್ನಾ?"

ತಿರುಪುಳಿಯನ್ನು ಜೇಬಿನೊಳಕ್ಕೆ ತಳ್ಳಿದೆ.

"ನಾನು ಹೇಳಿದ್ನಾ ಅಜ್ಜ? ಅವರೂ ನನ್ನ ಕೇಳಲಿಲ್ಲ. ನೀನೂ ಕೇಳಲಿಲ್ಲ." ಅತ್ತುಬಿಟ್ಟಳು. ಎರಡು ವಾರದಿಂದ ನಾನು ಕಾದಿದ್ದ ಅಳು ಅದು, ಬಂದದ್ದು ನನ್ನ ಮೇಲೆ. "ಪಾಪ, ಹೊರಗೆ ಹೋಗಿರೋಳು ಬರ್ತಾಳೆ. ಅಷ್ಟರಲ್ಲಿ ತೆಗಿ."

ಹಾರಾಟದ ಹೊತ್ತಿನಲ್ಲಿ ಪೆಟ್ಟಿಗೆಯ ಮುಂದೆ ನಿಂತು ಹಲಗೆ ಬಿಚ್ಚುವವನನ್ನು ನೊಣ ಏನು ಮಾಡುತ್ತದೆ ಎಂದು ಈ ಸೀಮೆಯಲ್ಲಿ ಯಾರನ್ನು ಬೇಕಾದರೂ ಕೇಳಿ. ಮುಖಕ್ಕೆ ಬಲೆ ಕಟ್ಟಿಕೊಳ್ಳಲೂ ಅವಳು ಬಿಡಲಿಲ್ಲ. ಎಡಗೈ ರೊಟ್ಟಿಯಂತೆ ಊದಿದೆ. ಕಿವಿಯೂ. ಹಲಗೆಗಳು ತಮ್ಮ ತಮ್ಮ ಜಾಗ ಸೇರಿವೆ. ರಾಣಿ ಬಂದಳೋ ಇಲ್ಲವೋ, ಯಾವ ಮನೆಗೆ ಬಂದಳೋ, ತಿಳಿಯದು.

ಸೇಡು ತೀರಿಸಿಕೊಂಡವನಿಗೆ ನಿದ್ದೆ ಚೆನ್ನಾಗಿ ಬರುತ್ತದಂತೆ. ನೋಡೋಣ.

ಮೇ ೧೫, ಭಾನುವಾರ

ನಾಲ್ಕು ಗಂಟೆಗೆ ವಿಂಕೋ ಬೇಲಿಯ ಹತ್ತಿರ ಬಂದ. ಅಂಗೈಯಲ್ಲಿ ಏನೋ ಹಿಡಿದಿದ್ದ. ತೆರೆದು ತೋರಿಸಿದ. ಉದ್ದನೆಯ ಮೈ, ಮಡಿಸಿದ ರೆಕ್ಕೆ.

"ತೀರಿಕೊಂಡಳು," ಎಂದ. ಹಸು ಸತ್ತರೆ ಸತ್ತಿತು ಎನ್ನುತ್ತೇವೆ, ಜೇನಿಗೆ ಮಾತ್ರ ಮನುಷ್ಯರ ಮಾತು. "ಕರಡಿ ಪೆಟ್ಟಿಗೆ ಕೆಳಗೆ ಬಿದ್ದಿದ್ದಳು. ಅಲ್ಲಿಗೆ ಯಾಕೆ ಹೋದಳು ಅಂತೀಯ ಯೆರ್ನೆ? ಇಷ್ಟು ವರ್ಷದಲ್ಲಿ ಒಂದು ರಾಣಿಯೂ ನನ್ನ ಸೈತಾನನ್ನ ಕರಡಿ ಅಂತ ತಿಳ್ಕೊಂಡಿಲ್ಲ."

ನಾನು ಬೇಲಿಯ ಮೇಲೆ ಕೈ ಇಟ್ಟಿದ್ದೆ. ತೆಗೆಯಬೇಕಿತ್ತು. ತೆಗೆಯಲಿಲ್ಲ.

ಅವನು ಆ ಕೈಯನ್ನು ನೋಡಿದ. "ನಿನ್ನ ಜೇನು ನಿನ್ನನ್ನೇ ಕಚ್ಚಿದವಾ?"

"ನನ್ನವಲ್ಲ," ಎಂದೆ.

ಅವನು ಬೆರಳ ತುದಿಯಿಂದ ರಾಣಿಯ ರೆಕ್ಕೆ ಸರಿಮಾಡಿದ.

"ಒಂದು ಮೂಗು ಸರಿ ಮಾಡಿದ್ದಕ್ಕೆ," ಎಂದ.

"ಮೂಗಿಗಲ್ಲ. ಬೆರಳಿಗೆ."

ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ನನ್ನ ಹತ್ತಿರ ಉತ್ತರ ತಯಾರಿತ್ತು, ಎರಡು ವಾರದಿಂದ ಮಸೆದಿಟ್ಟದ್ದು. ಅವನು ಅಂಗೈ ಮುಚ್ಚಿಕೊಂಡು ಹೊರಟುಹೋದ. ಸೈತಾನನ ಪೆಟ್ಟಿಗೆ ಸಂಜೆಯವರೆಗೂ ಗೋಳಿಡುತ್ತಿತ್ತು. ರಾಣಿಯಿಲ್ಲದ ಮನೆಯ ಸದ್ದೇ ಬೇರೆ, ಬಾಗಿಲು ಹಾಕಿದರೂ ಕೇಳುತ್ತದೆ. ಡಿಸೆಂಬರಿನಿಂದ ಕೇಳಿ ಕೇಳಿ ನನಗೆ ಅಭ್ಯಾಸವಿರಬೇಕಿತ್ತು.

ಮೇ ೧೬, ಸೋಮವಾರ

ಇನ್ನೊಂದು ಸೇಡು ಹೊಳೆಯಿತು, ಮೊದಲಿನದಕ್ಕಿಂತ ಹರಿತ. ನನ್ನ ಪೆಟ್ಟಿಗೆಯಿಂದ ಮೊಟ್ಟೆ ತುಂಬಿದ ಒಂದು ಎರಿ ತೆಗೆದುಕೊಂಡು ಹೋಗಿ ಅವನ ಮೆಟ್ಟಿಲ ಮೇಲೆ ಇಟ್ಟೆ. ಆ ಮೊಟ್ಟೆಯಿಂದ ಅವನ ನೊಣಗಳು ಹೊಸ ರಾಣಿಯನ್ನು ಬೆಳೆಸಿಕೊಳ್ಳುತ್ತವೆ. ಇನ್ನು ಬದುಕಿರುವವರೆಗೆ ವಿಂಕೋ ನನ್ನ ಹಂಗಿನಲ್ಲಿರಬೇಕು. ಪ್ರತಿ ಚಮಚ ಜೇನು ನೆಕ್ಕುವಾಗಲೂ ನನ್ನ ನೆನಪಾಗಿ ಗಂಟಲಲ್ಲಿ ಸಿಕ್ಕಿಕೊಳ್ಳಬೇಕು.

ಯಾವ ಪೆಟ್ಟಿಗೆಯ ಎರಿ ಕೊಡುವುದೆಂದು ಬಹಳ ಹೊತ್ತು ಯೋಚಿಸಿದೆ. ಪಾವ್ಲಾಳ ಪೆಟ್ಟಿಗೆಯದನ್ನೇ ಕೊಟ್ಟೆ. ಅದರಷ್ಟು ಸಾಧು ನೊಣಗಳು ಬೇರೆ ಇಲ್ಲ. ಸೇಡು ತೀರಿಸುವಾಗ ಕಳಪೆ ಮಾಲು ಕೊಡಬಾರದು.

ಅವನು ಬಾಗಿಲು ತೆರೆದು ಎರಿಯನ್ನು ನೋಡಿದ, ನನ್ನನ್ನು ನೋಡಿದ. "ಹೊಗೆಡಬ್ಬಿ ಹಿಡ್ಕೊ," ಎಂದ. ಇಬ್ಬರೂ ಸೇರಿ ಎರಿ ಕೂರಿಸಿದೆವು. ಗ್ಲಾಸು ಕೊಡುತ್ತೇನೆ ಎಂದ, ಬೇಡ ಎಂದೆ. ನಾಳೆ ಬೇಕಾದರೆ ಕುಡಿದೇನು.

ಮೇ ೧೭, ಮಂಗಳವಾರ

ಬಲಗೈಯಲ್ಲಿ ಬರೆಯುತ್ತಿದ್ದೇನೆ. ಎಡಗೈಯನ್ನು ಝೀವಾಗೆ ಕೊಟ್ಟಿದ್ದೇನೆ.

ಶಾಲೆಯಿಂದ ಬಂದವಳೇ ನನ್ನ ಸಾಮಾನಿನ ಪೆಟ್ಟಿಗೆಯಿಂದ ಉಜ್ಜುಕಾಗದ ತೆಗೆದುಕೊಂಡು ಹಲಗೆಯ ಮುಂದೆ ಕೂತಳು. ವಿಂಕೋನ ಐದು ಬೆರಳನ್ನು ಮರ ಕಾಣುವವರೆಗೂ ಉಜ್ಜಿ ತೆಗೆದಳು. ಅವಳ ಮುಖದಲ್ಲಿ ಎಂಥ ಕ್ರೌರ್ಯ, ನೋಡಲು ಹಿತವಾಗಿತ್ತು. ಮೂಗನ್ನೂ ಉಜ್ಜು ಎಂದು ಹುರಿದುಂಬಿಸಿದೆ.

"ಮೂಗು ಇರಲಿ. ಮೂಗು ಅವರೇ ಚೆನ್ನಾಗಿ ಬರೆದಿದ್ದಾರೆ."

"ನಿನ್ನ ಮೂಗು ಇದಕ್ಕಿಂತ ಚೆನ್ನಾಗಿತ್ತು."

"ಆಲೂಗಡ್ಡೆ ಥರ ಇತ್ತು ಅಜ್ಜ. ನಿಂಗೆ ನೋಡೋಕೇ ಬರಲ್ಲ."

ಮುಖಕ್ಕೆ ಮಾತ್ರ ಮತ್ತೆ ನೀಲಿ ಹಚ್ಚಿದಳು. ಸೌದೆಯ ಪೆಟ್ಟಿಗೆಯಿಂದ ಬಣ್ಣಗಳು ಯಾವಾಗ ಹೊರಬಂದವೋ ನಾನು ಗಮನಿಸಿರಲಿಲ್ಲ. ನೀಲಿ ಯಾಕೆ ಎಂದು ಈ ಸಲ ಕೇಳಿದೆ. ಸಂಜೆ ಬೆಂಚಿನ ಮೇಲೆ ಕೂತಾಗ ಅಜ್ಜಿ ಆ ಬಣ್ಣಕ್ಕೆ ಇರುತ್ತಿದ್ದಳಂತೆ.

ಕೈಗೆ ಬಂದಾಗ ನನ್ನನ್ನು ಕಿಟಕಿಯ ಪಕ್ಕ ಕೂರಿಸಿದಳು. ಊತ ಬಹುಮಟ್ಟಿಗೆ ಇಳಿದಿದೆ.

"ಅಲ್ಲಾಡಿಸು."

ಅಲ್ಲಾಡಿಸಿದೆ.

"ಅಷ್ಟು ಜೋರಲ್ಲ. ಬೈ ಬೈ ಮಾಡೋ ಥರ ಅಲ್ಲ. ಅಜ್ಜಿ ಥರ."

ಅಷ್ಟು ಸುಲಭವಲ್ಲ ಅದು. ಕೈಯನ್ನು ಮೊಣಕಾಲ ಮೇಲಿಟ್ಟು ಕಣ್ಣು ಮುಚ್ಚಿ, ಪಾವ್ಲಾಳ ಕೈ ನನ್ನ ಕೈಯೊಳಗಿದ್ದಾಗ ಏನಾಗುತ್ತಿತ್ತು ಎಂದು ನೆನಪಿಸಿಕೊಳ್ಳಬೇಕಾಯಿತು. ಬಹಳ ಹೊತ್ತಿನ ಮೇಲೆ ಬಂತು. "ಹಾಂ, ಹಾಗೇ ಇರು," ಎಂದಳು. ಒಂದು ಸಲ ಬರೆದಳು, ಬಟ್ಟೆಗೆ ಟರ್ಪೆಂಟೈನ್ ಹಾಕಿ ಒರೆಸಿದಳು. ಮತ್ತೆ ಬರೆದಳು, ಒರೆಸಿದಳು. ಬೇಲಿಯಾಚೆಯಿಂದ ವಿಂಕೋ, ಇಪ್ಪತ್ತಕ್ಕೆ ಇನ್ನು ಮೂರೇ ದಿನ ಎಂದು ಕೂಗಿದ. ಕಾಯಲಿ. ಬಣ್ಣ ಒಣಗದೆ ನಾವು ಕೊಡುವುದಿಲ್ಲ. ಬೇಕಾದರೆ ಬಂದು ಇಲ್ಲಿ ಕೂತು ಕಾಯಲಿ ಎಂದು ಕೂಗಿ ಹೇಳಿದೆ.

ಈಗ ಸ್ವಲ್ಪ ಮುಂಚೆ ಹಲಗೆಯನ್ನು ನನ್ನ ಕಡೆ ತಿರುಗಿಸಿದಳು.

"ಸರಿ ಇದೆಯಾ?"

ಚೆನ್ನಾಗಿದೆ ಎಂಬ ಮಾತು ಹಲ್ಲಿನವರೆಗೂ ಬಂದಿತ್ತು. ನೋಡಿದೆ. ನಾಲ್ಕು ಬೆರಳು ಹೊಗೆಯಂತೆ ಹರಡಿದ್ದವು, ಒಂದರೊಳಗೊಂದು, ಎಷ್ಟೆಂದು ಎಣಿಸಲಾಗದಂತೆ. ಹೆಬ್ಬೆರಳೊಂದು ಗೂಟದಂತೆ ನಿಂತಿತ್ತು.

"ಇಲ್ಲ," ಎಂದೆ. "ಹೆಬ್ಬೆರಳೂ ಅಲ್ಲಾಡ್ತಿತ್ತು. ಅದೇ ಜಾಸ್ತಿ. ತೋರುಬೆರಳಿಗೆ ತಾಗಿ ತಾಗಿ ಬರೋದು, ಬ್ರೆಡ್ಡಿನ ಚೂರು ಉರುಟು ಮಾಡೋ ಥರ."

ಬೇಜಾರು ಮಾಡಿಕೊಳ್ಳುತ್ತಾಳೇನೋ ಎಂದು ಹೆದರಿದೆ. ಅವಳು ತಲೆಯಾಡಿಸಿದಳು. "ಹೂಂ. ನಂಗೂ ಅದೇ ಅನ್ನಿಸ್ತಿತ್ತು, ಯಾವುದು ಅಂತ ಗೊತ್ತಾಗ್ತಿರಲಿಲ್ಲ." ಬಟ್ಟೆಯಿಂದ ಹೆಬ್ಬೆರಳನ್ನು ಒರೆಸಿ, ಕುಂಚ ಹಲ್ಲಿನಲ್ಲಿ ಕಚ್ಚಿಕೊಂಡು, ನನ್ನ ಹೆಬ್ಬೆರಳನ್ನು ತನ್ನ ಬೆರಳಲ್ಲಿ ಹಿಡಿದು ತೋರುಬೆರಳಿನ ಮೇಲೆ ಇಟ್ಟಳು. "ಇಲ್ಲೇನಾ?"

"ಸ್ವಲ್ಪ ಕೆಳಗೆ."

"ಇಲ್ಲೇನಾ?"

"ಹಾಂ. ಅಲ್ಲೇ."

ಮತ್ತೆ ಶುರುಮಾಡಿದ್ದಾಳೆ. ಕೈ ನಿಲ್ಲಿಸಬೇಡ ಅಜ್ಜ, ಬೆಳಕು ಹೋಗ್ತಾ ಇದೆ ಎನ್ನುತ್ತಿದ್ದಾಳೆ. ಹೌದು, ನಾನು ನೋಡೇ ಇರಲಿಲ್ಲ, ಈ ಸಾಲು ನನಗೇ ಸರಿಯಾಗಿ ಕಾಣುತ್ತಿಲ್ಲ.